ಹೊರಗಿನ ಚಿಲಕ

ವ್ಯಾನು ಗೋಡೆಯಿಂದ ದೂರ ನಿಂತಿತ್ತು.

ಕೊಂಡು ತಂದ ದಿನದಿಂದ ಅದು ಲಾಂಡ್ರಿಯ ಗೋಡೆಗೆ ಬೆನ್ನು ಹಚ್ಚಿಯೇ ನಿಲ್ಲುತ್ತಿತ್ತು. ಹಿಂಬಾಗಿಲು ತೆರೆದರೆ ಸಾಕು, ಒಗೆದು ಮಡಿಸಿದ ಆಸ್ಪತ್ರೆ ಬಟ್ಟೆಯ ಗಂಟುಗಳನ್ನು ಒಳಗಿನಿಂದ ಹಾಗೇ ತಳ್ಳಬಹುದಿತ್ತು. ಆ ಸೋಮವಾರ ಬೆಳಗ್ಗೆ ಬಂದು ನೋಡಿದರೆ ಅದು ಅಂಗಳದ ಆಚೆ ತುದಿಯಲ್ಲಿ, ಜಗಳವಾಡಿ ಮನೆಯಿಂದ ಹೊರಬಿದ್ದ ಅಳಿಯನ ಹಾಗೆ ಒಂಟಿಯಾಗಿ ನಿಂತಿದೆ. ನೆಲದ ಮೇಲೆ ಹೊಸದಾಗಿ ಒಂದು ಬಿಳಿ ಗೆರೆ. ಗೆರೆಯಿಂದ ಗೋಡೆಗೆ ಮೂವತ್ತು ಅಡಿ.

"ಗಾಡಿ ಈ ಗೆರೆ ದಾಟಿ ಈಚೆ ಬರ್ಬಾರ್ದು," ಎಂದ ಸೂಪರ್‌ವೈಸರ್. ಯಾಕೆ ಎಂದು ಹೇಳಲಿಲ್ಲ. ಬಟ್ಟೆ ಒಗೆಯುವ ಐದು ಹೆಂಗಸರಿಗೆ ಯಾಕೆ ಎಂದು ಹೇಳುವ ಪದ್ಧತಿ ಅಲ್ಲಿ ಇರಲೂ ಇಲ್ಲ. ಅವರು ಗಂಟು ತಲೆಗೇರಿಸಿಕೊಂಡು ಅಂಗಳ ದಾಟಿದರು. ಒಂದು ಗಂಟು ಎಂದರೆ ನಲವತ್ತು ಹಾಸು. ಒಟ್ಟು ಹದಿನೆಂಟು ಗಂಟು. ಕತ್ತು ಎದೆಯೊಳಗೆ ಇಳಿದಂತಾಯಿತು.

"ಗೋಡೆಗೆ ಸುಣ್ಣ ಹೊಡಿಸ್ತಾರೇನೋ," ಎಂದಳು ಗಂಟಕ್ಕ.

"ಹೊಡಿಸ್ತಾರೆ, ನಿನ್ನ ಮೊಮ್ಮಗನ ಮದುವೆಗೆ," ಎಂದಳು ಅವಳ ಓರಗಿತ್ತಿ.

ಗಂಟಕ್ಕನಿಗೆ ಆ ಹೆಸರು ಬಂದದ್ದು ಅವಳು ಕಟ್ಟುವ ಗಂಟಿನಿಂದ. ಅವಳು ಬಿಗಿದ ಗಂಟು ಮೂರು ಮಹಡಿಯಿಂದ ಕೆಳಗೆ ಎಸೆದರೂ ಬಿಚ್ಚುತ್ತಿರಲಿಲ್ಲ. ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದೂ ತಪ್ಪಾಗಿ. ಅವಳ ಗಂಡ ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಮೈದುನ ಹೆಂಡತಿಯನ್ನು ಬಿಟ್ಟು ಎತ್ತಲೋ ಹೋಗಿದ್ದ. ಒಂದೇ ಗೋಡೆಯ ಆಚೆ ಈಚೆ ಎರಡು ಅಡುಗೆಮನೆ. ಎರಡರ ಒಲೆಯೂ ಈ ಇಬ್ಬರು ಹೆಂಗಸರ ರಟ್ಟೆಯಿಂದ ಉರಿಯಬೇಕು. ಮನೆಯಲ್ಲಿ ನಲ್ಲಿ ನೀರಿಗಾಗಿ ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದರು. ಕೆಲಸಕ್ಕೆ ಬಂದರೆ ಒಬ್ಬರ ಸೆರಗು ಇನ್ನೊಬ್ಬರು ಬಿಡುತ್ತಿರಲಿಲ್ಲ.

ಬೆಳಗ್ಗೆ ಒಗೆದ ಬಟ್ಟೆಯ ಜೊತೆ ಆಸ್ಪತ್ರೆಗೆ ಹೋಗುವುದು, ಅಲ್ಲಿ ವಾರ್ಡು ವಾರ್ಡು ಸುತ್ತಿ ಕೊಳೆ ಬಟ್ಟೆ ಗಂಟು ಕಟ್ಟುವುದು, ಅದರ ಜೊತೆ ವಾಪಸು ಬಂದು ಸಂಜೆಯವರೆಗೆ ಒಗೆದು ಇಸ್ತ್ರಿ ಮಾಡುವುದು. ಇದು ಅವರ ದಿನ. ವ್ಯಾನಿನ ಮುಂದೆ ಎರಡು ಸೀಟು. ಒಂದು ಡ್ರೈವರಿಗೆ, ಇನ್ನೊಂದು ಸೂಪರ್‌ವೈಸರಿಗೆ. ಅವನು ಬಾರದ ದಿನವೂ ಆ ಸೀಟು ಅವನದೇ. ಹೆಂಗಸರು ಹಿಂದೆ, ನಾಲ್ಕೂ ಕಡೆ ತಗಡಿನ ಗೋಡೆಯ ಒಳಗೆ. ಕಿಟಕಿ ಇಲ್ಲ. ಹೋಗುವಾಗ ಅವರು ಹಗ್ಗ ಹಿಡಿದು ನಿಂತೇ ಹೋಗಬೇಕು. ಒಗೆದ ಗಂಟಿನ ಮೇಲೆ ಕೂತರೆ ಗಂಟು ಮೈಲಿಗೆಯಾಗುತ್ತದೆ. ಒಗೆದವರು ಅವರೇ, ಮಡಿಸಿದವರು ಅವರೇ. ಆದರೂ ಅವರ ಮೈ ತಾಗಬಾರದು. ಬರುವಾಗ ರಕ್ತ, ಕೀವು, ವಾಂತಿಯ ಗಂಟಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಹಿಂಬಾಗಿಲಿಗೆ ಒಳಗಡೆ ಹಿಡಿಯೇ ಇರಲಿಲ್ಲ. ಹೊರಗಡೆ ಒಂದು ಕಬ್ಬಿಣದ ಚಿಲಕ. ಒಮ್ಮೆ ದಾರಿಯಲ್ಲಿ ಬಾಗಿಲು ತೆರೆದುಕೊಂಡು ಒಂದು ಗಂಟು ರಸ್ತೆಗೆ ಬಿದ್ದಿತ್ತು. ಹೆರಿಗೆ ವಾರ್ಡಿನ ಹಾಸುಗಳು ಜನರ ಕಣ್ಣೆದುರು ಹರಡಿಕೊಂಡಿದ್ದವು. ಆಸ್ಪತ್ರೆಯ ಮಾನ ಹೋಯಿತಂತೆ. ಮಾರನೆಯ ದಿನವೇ ಚಿಲಕ ಬಂತು. ಅದು ನೆಟ್ಟಗೆ ಕೂರುತ್ತಿರಲಿಲ್ಲ. ಹಾಕುವಾಗ ಅಂಗೈಯಿಂದ ಗುದ್ದಬೇಕು, ತೆಗೆಯುವಾಗ ಕಲ್ಲಿನಿಂದ ಬಡಿಯಬೇಕು. ಆ ಕಲ್ಲು ಯಾವಾಗಲೂ ಡ್ರೈವರಿನ ಸೀಟಿನ ಕೆಳಗೆ ಇರುತ್ತಿತ್ತು.

ವ್ಯಾನಿನ ನೆಲದ ತಗಡಿನಲ್ಲಿ, ಎಡಗಡೆ ಚಕ್ರದ ಹತ್ತಿರ, ಊಟದ ತಟ್ಟೆಯಷ್ಟು ಅಗಲದ ಜಾಗ ಕಾಯುತ್ತಿತ್ತು. ಮೊದಮೊದಲು ಬೆಚ್ಚಗಿತ್ತು. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಚಳಿಯಲ್ಲಿ ಅಲ್ಲಿ ಮಂಡಿ ಊರಿ, "ಇದೊಂದೇ ನೋಡ್ರೇ ನಮ್ಮ ಯಜಮಾನ್ರು ಬಿಟ್ಟಿಯಾಗಿ ಕೊಟ್ಟಿದ್ದು," ಎನ್ನುತ್ತಿದ್ದಳು. ಎರಡು ತಿಂಗಳಿಂದ ಅದು ಸುಡತೊಡಗಿತ್ತು. ಚಪ್ಪಲಿಯ ತಳ ಮೆತ್ತಗಾಗಿ ತಗಡಿಗೆ ಅಂಟುತ್ತಿತ್ತು. ಆಗ ಉಪಾಯ ಹುಡುಕಿದವಳು ಗಂಟಕ್ಕನೇ. ಬರುವಾಗ ಎಲ್ಲಕ್ಕಿಂತ ದಪ್ಪನೆಯ ಗಂಟನ್ನು ತಂದು ಆ ಜಾಗದ ಮೇಲೆ ಇಟ್ಟುಬಿಡುವುದು. ಕಾಲು ಉಳಿಯಿತು. ಎಲ್ಲರೂ ಅವಳ ತಲೆಯನ್ನು ಹೊಗಳಿದರು. ಅವಳಿಗೂ ಒಂದಿಷ್ಟು ಜಂಬ ಬಂದಿತ್ತು.

ಹದಿನೈದು ದಿನದ ಹಿಂದೆ ಒಂದು ಹಾಸಿನಲ್ಲಿ ಅಂಗೈಯಗಲದ ಕಂದು ಕಲೆ ಕಂಡಿತು. ಒಗೆದರೂ ಹೋಗದ ಸುಟ್ಟ ಕಲೆ. ಇಸ್ತ್ರಿ ಮಾಡಿದವಳು ಓರಗಿತ್ತಿ. ಸೂಪರ್‌ವೈಸರ್ ಅವಳ ಕೈಗೆ ಆ ಹಾಸನ್ನು ಕೊಟ್ಟು, ಎರಡೂ ತೋಳು ಮೇಲೆತ್ತಿ ಹರಡಿ ಹಿಡಿಯುವಂತೆ ಹೇಳಿ ಅಂಗಳದಲ್ಲಿ ನಿಲ್ಲಿಸಿದ. ಊಟದ ಹೊತ್ತಿನವರೆಗೆ ನಿಲ್ಲಿಸಿದ. ಬಾಯ್ಲರ್‌ನವನು ನೋಡಿದ, ಸೋಪು ತರುವವನು ನೋಡಿದ, ಗೇಟಿನವನು ನೋಡಿದ. ತೋಳು ಇಳಿದಾಗಲೆಲ್ಲ, "ಮೇಲೆ!" ಎಂದು ಕೂಗಿದ. ಅವತ್ತು ಸಂಜೆ ಅವಳು ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ಕುಳಿತಿದ್ದಳು. ಗಂಟಕ್ಕ ತಾನೇ ಬಾಚಿ ಜಡೆ ಹಾಕಿದಳು.

ಗೆರೆ ಎಳೆದ ಆ ಸೋಮವಾರವೇ ಆಸ್ಪತ್ರೆಯ ಹಿತ್ತಲಲ್ಲಿ ವಿಷಯ ಗೊತ್ತಾಯಿತು. ಡ್ರೈವರ್ ವ್ಯಾನಿನಿಂದ ದೂರ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಬಾಗಿಲು ಪೂರ್ತಿ ಮುಚ್ಚದೆ ದಾರದಲ್ಲಿ ಕಟ್ಟಿತ್ತು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಗಂಟಿನ ವಿಷಯದಲ್ಲಿ ಗಂಟಕ್ಕನ ಕಣ್ಣು ತಪ್ಪುವುದಿಲ್ಲ.

"ಬಾಗಿಲು ಯಾಕಪ್ಪಾ ಹಾಗೆ?"

"ಬೇಗ ಹಾರ್ಕೊಳ್ಳೋಕೆ," ಎಂದ ಅವನು. ಆಮೇಲೆ ಜೇಬಿನಿಂದ ಮಡಿಸಿದ ಕಾಗದ ತೆಗೆದ.

"ಯಾರಿಗೂ ಹೇಳ್ಬೇಡಿ ಅಕ್ಕ. ಗಾಡಿ ಮಾಡೋ ಕಂಪನಿಯವರು ಈ ಮಾದರಿ ಗಾಡಿಗಳನ್ನೆಲ್ಲ ವಾಪಸ್ ಕರೆದಿದ್ದಾರೆ. ಸೈಲೆನ್ಸರ್ ವಿಪರೀತ ಕಾಯುತ್ತಂತೆ. ಅದರ ಮೇಲಿರೋ ತಗಡು ಕೆಂಡದ ಹಾಗಾಗುತ್ತಂತೆ. ನಿಂತ ಕಡೆ ಇಂಜಿನ್ ಓಡ್ತಾ ಇದ್ರೆ ಇನ್ನೂ ಜಾಸ್ತಿ. ಹೊತ್ಕೊಳ್ಳುತ್ತಂತೆ."

"ಏನು ಹೊತ್ಕೊಳ್ಳುತ್ತೆ?"

"ಗಾಡಿ."

ಅವನು ಬೆರಳಿಟ್ಟು ಓದಿದ. ಕಟ್ಟಡದ ಹತ್ತಿರ ನಿಲ್ಲಿಸಬಾರದು. ಛಾವಣಿಯ ಕೆಳಗೆ ನಿಲ್ಲಿಸಬಾರದು. ಹಿಂಭಾಗದ ನೆಲದ ಮೇಲೆ ಬಟ್ಟೆ, ಕಾಗದ, ಉರಿಯುವಂಥ ಏನನ್ನೂ ಇಡಬಾರದು. ದುರಸ್ತಿಯಾಗುವವರೆಗೆ ಗಾಡಿ ಓಡಿಸಬಾರದು.

ಮೂರನೆಯ ಮಾತು ಕೇಳಿದಾಗ ಗಂಟಕ್ಕ ತನ್ನ ಕೈ ನೋಡಿಕೊಂಡಳು. ಎರಡು ತಿಂಗಳಿಂದ ದಿನಾ ತನ್ನ ಕೈಯಾರೆ ಅವಳು ಆ ಕೆಂಡದ ಮೇಲೆ ಬಟ್ಟೆಯ ಗಂಟು ಇಡುತ್ತಾ ಬಂದಿದ್ದಳು. ಆ ಗಂಟಿನ ಮೇಲೆ ದೊಡ್ಡಮ್ಮನನ್ನು ಕೂರಿಸಿದ್ದಳು. ಮೆತ್ತಗಿದೆ, ಕೂತ್ಕೋ ಎಂದು ಕೈ ಹಿಡಿದು ಕೂರಿಸಿದ್ದಳು.

"ರಿಪೇರಿ ಯಾವಾಗ?"

"ಬಿಡಿಭಾಗ ಬಂದಿಲ್ಲ. ನಮ್ಮ ಸರದಿಗೆ ಇನ್ನೂ ಐದು ವಾರ. ಅಲ್ಲೀತನಕ ಗಾಡಿ ನಿಲ್ಸಿದ್ರೆ ಆಸ್ಪತ್ರೆ ಕೆಲಸ ಬೇರೆಯವರ ಪಾಲಾಗುತ್ತೆ ಅಂತ ಯಜಮಾನ್ರು ಓಡ್ಸು ಅಂದ್ರು. ಕಟ್ಟಡ ಒಂದು ಜೋಪಾನ ಅಂದ್ರು. ಅದಕ್ಕೇ ಗೆರೆ."

"ಹಿಂದೆ ಇರೋ ನಾವು?"

"ಹಿಂದೆ ಯಾರೂ ಇಲ್ಲ ಅಕ್ಕ," ಎಂದ ಡ್ರೈವರ್. ಅವನ ದನಿ ಇಳಿದಿತ್ತು. "ಕಾಗದದಲ್ಲಿ ಇದು ಸಾಮಾನು ಗಾಡಿ. ಜನ ಹತ್ತೋದಿಲ್ಲ ಅಂತ ಸೂಪರ್‌ವೈಸರ್ ಬರ್ಕೊಟ್ಟು ಸಹಿ ಹಾಕಿದ್ದಾನೆ."

ಗಂಟಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆದರಿಕೆ ಬಂತು. ವಾಪಸು ಹೋಗಲು ಅದೇ ಗಾಡಿ. ನಡೆದು ಹೋಗುತ್ತೇನೆ ಎಂದರೆ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಹತ್ತಿದಳು. ಉಳಿದ ನಾಲ್ವರೂ ಹತ್ತಿದರು. ಡ್ರೈವರ್ ಮುಖ ಆಚೆ ತಿರುಗಿಸಿ ಚಿಲಕ ಗುದ್ದಿದ.

ಒಳಗೆ ಕತ್ತಲು. ಗಂಟಕ್ಕ ಎಲ್ಲರಿಗೂ ಹೇಳಿಬಿಟ್ಟಳು. ಹೇಳಬಾರದಿತ್ತೇನೋ. ಆದರೆ ಅಷ್ಟು ಭಾರವನ್ನು ಒಬ್ಬಳೇ ಹೊತ್ತುಕೊಂಡು ಕೂರಲು ಅವಳಿಂದ ಆಗಲಿಲ್ಲ. ಐದೂ ಜನ ಸೇರಿ ಗಂಟುಗಳನ್ನು ಆ ಜಾಗದಿಂದ ಎಳೆದರು. ಎಳೆದಷ್ಟೂ ಗಾಡಿ ತಿರುಗಿದಾಗ ಅವು ಉರುಳಿ ಅಲ್ಲಿಗೇ ಬಂದವು. ಕಾಲಿನಿಂದ ಒದ್ದು ತಡೆದರು. ಕಾಲು ಸುಟ್ಟಿತು. ಗಾಡಿ ಯಾವುದೋ ಸಿಗ್ನಲ್ಲಿನಲ್ಲಿ ನಿಂತಿತು. ಇಂಜಿನ್ ಓಡುತ್ತಲೇ ಇತ್ತು. ನಿಂತರೆ ಇನ್ನೂ ಜಾಸ್ತಿ ಎಂದಿದ್ದನಲ್ಲ? ಗಂಟಕ್ಕ ಉಸಿರು ಹಿಡಿದು ಒಂದು, ಎರಡು, ಮೂರು ಎಂದು ಎಣಿಸಿದಳು. ಎಂಬತ್ತಕ್ಕೆ ಬಂದಾಗ ವಾಸನೆ ಬಂತು. ಒದ್ದೆ ಬಟ್ಟೆ ಕಮರುವ ವಾಸನೆ. ಕತ್ತಲಲ್ಲಿ ಹೊಗೆ ಕಾಣುವುದಿಲ್ಲ. ಕಣ್ಣು ಉರಿದಾಗ ಮಾತ್ರ ತಿಳಿಯುತ್ತದೆ.

"ಹೊಗೆ ಕಣ್ರೇ," ಎಂದಳು ದೊಡ್ಡಮ್ಮ ಮೆಲ್ಲಗೆ, ಹಾಲು ಉಕ್ಕಿತು ಎಂದ ಹಾಗೆ.

ಬಡಿದರು. ಮುಷ್ಟಿಯಿಂದ ಬಡಿದರು, ಚಪ್ಪಲಿಯಿಂದ ಬಡಿದರು. ಓರಗಿತ್ತಿ ತಲೆಯಿಂದ ಬಡಿದಳು. ಡ್ರೈವರ್ ನಿಲ್ಲಿಸಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ನಿಲ್ಲಿಸಲು ಹೆದರಿದನೋ. ಗಂಟಕ್ಕ ಬಾಗಿಲಿನ ಸಂದಿಗೆ ಮೂಗು ಹಚ್ಚಿದಳು. ಸಂದಿ ಉಗುರಿನಷ್ಟು. ಅಲ್ಲಿಂದ ಬಂದ ಗಾಳಿಯನ್ನು ಅವಳು ಒಬ್ಬಳೇ ಎಳೆದುಕೊಂಡಳು. ದೊಡ್ಡಮ್ಮ ಹಿಂದಿನಿಂದ ಭುಜ ತಟ್ಟಿದರೂ ಜಾಗ ಬಿಡಲಿಲ್ಲ. ಆಮೇಲೆ ಬಿಟ್ಟಳು. ಆದರೆ ಮೊದಲು ಬಿಡಲಿಲ್ಲ. ಅದನ್ನು ನೆನೆದು ಅವಳಿಗೆ ಇಂದಿಗೂ ನಾಚಿಕೆ.

ಲಾಂಡ್ರಿ ಮುಟ್ಟಿ ಬಾಗಿಲು ತೆರೆದಾಗ ಐವರೂ ಒಬ್ಬರ ಮೇಲೊಬ್ಬರು ನೆಲಕ್ಕೆ ಬಿದ್ದರು. ಒಂದು ಗಂಟಿನ ತಳ ಕಪ್ಪಾಗಿ ಹೊಗೆಯಾಡುತ್ತಿತ್ತು. ಸೂಪರ್‌ವೈಸರ್ ಓಡಿ ಬಂದ. ಮೊದಲು ಗಾಡಿ ಎಲ್ಲಿ ನಿಂತಿದೆ ಎಂದು ಗೆರೆಯ ಕಡೆ ನೋಡಿದ. ಆಮೇಲೆ ಗಂಟು ನೋಡಿದ. ಕೊನೆಗೆ ಇವರನ್ನು ನೋಡಿದ.

"ಬೀಡಿ ಸೇದಿದ್ದು ಯಾರು?"

ಐವರೂ ಇನ್ನೂ ಕೆಮ್ಮುತ್ತಿದ್ದರು.

"ಸಾಲಾಗಿ ನಿಂತ್ಕೊಳ್ಳಿ. ಬಾಯಿ ತೆಗೀರಿ."

ಅವನು ಒಬ್ಬೊಬ್ಬರ ಗದ್ದ ಎತ್ತಿ, ಬಾಯಿಗೆ ಮೂಗು ತಂದು, ಮೂಸಿದ. ಸಂತೆಯಲ್ಲಿ ದನದ ಹಲ್ಲು ನೋಡುವವರಿಗೂ ಇದಕ್ಕಿಂತ ಹೆಚ್ಚು ಮರ್ಯಾದೆ ಇರುತ್ತದೆ. ದೊಡ್ಡಮ್ಮನಿಗೆ ಅರವತ್ತು ದಾಟಿತ್ತು. ಬಾಯಲ್ಲಿ ಆರು ಹಲ್ಲು ಉಳಿದಿದ್ದವು. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಕಣ್ಣಂಚಿನಲ್ಲಿ ನೀರಿತ್ತು. ಹೊಗೆಗೆ ಬಂದದ್ದೆಂದು ಎಲ್ಲರೂ ಅಂದುಕೊಳ್ಳಲಿ ಎಂದು ಮತ್ತೆ ಮತ್ತೆ ಕೆಮ್ಮಿದಳು.

"ನಾಳೆಯಿಂದ ಒಳಗೊಂದು ಬಕೆಟ್ ನೀರಿಡ್ತೀನಿ," ಎಂದ ಸೂಪರ್‌ವೈಸರ್. "ಇನ್ನೇನು ಬೇಕು ನಿಮಗೆ?"

ಸಂಜೆ ನಲ್ಲಿಯ ಹತ್ತಿರ ಕೊಡಗಳು ಸಾಲಾಗಿದ್ದವು. ಓರಗಿತ್ತಿ ಮೊದಲು ಬಂದಿದ್ದರೂ ಗಂಟಕ್ಕನಿಗೆ ದಾರಿ ಬಿಟ್ಟಳು. ಅದನ್ನು ನೋಡಿಯೇ ಗಂಟಕ್ಕನಿಗೆ ಗೊತ್ತಾಯಿತು, ಇವಳೂ ಹೆದರಿದ್ದಾಳೆ ಎಂದು.

"ಅಕ್ಕ, ನೀನು ಬಾಯಿ ಬಿಡ್ಬೇಡ," ಎಂದಳು ಓರಗಿತ್ತಿ. "ಐದು ವಾರ ಅಲ್ವಾ? ಕಣ್ಣು ಮುಚ್ಚಿ ತಳ್ಳಿಬಿಡೋಣ. ಈ ಕೆಲಸ ಹೋದ್ರೆ ನಾನು ಮಕ್ಕಳಿಗೆ ಏನು ಮಣ್ಣು ತಿನ್ನಿಸ್ಲಿ? ನಿನಗೆ ಗಂಡ ಅಂತ ಒಬ್ಬ ಹಾಸಿಗೆ ಮೇಲಾದ್ರೂ ಇದ್ದಾನೆ. ನನಗೆ ಯಾರಿದ್ದಾರೆ?"

"ತಲೆಯಿಂದ ಬಡಿದ್ಯಲ್ಲೇ ಇವತ್ತು."

"ಬಡಿದೆ. ನಾಳೆನೂ ಬಡೀತೀನಿ. ಕೆಲಸ ಬಿಡಲ್ಲ."

ಅವಳ ಹಣೆ ಊದಿಕೊಂಡಿತ್ತು. ಗಂಟಕ್ಕ ತಣ್ಣೀರಲ್ಲಿ ಸೆರಗು ಅದ್ದಿ ಅಲ್ಲಿ ಒತ್ತಿದಳು. "ಆಯ್ತು ಬಿಡೇ, ನಾನೇನೂ ಹೇಳಲ್ಲ," ಎಂದಳು. ಮನಸ್ಸಿನಲ್ಲಿ ಹೇಳುವುದಕ್ಕೆ ಏನೂ ಇರಲೂ ಇಲ್ಲ.

ಮಾರನೆಯ ಬೆಳಗ್ಗೆ ಗಂಟಕ್ಕ ಧೈರ್ಯ ಮಾಡಿದಳು ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಅವಳು ಹದಿನೆಂಟು ಗಂಟುಗಳನ್ನು ಉಳಿದವರ ಜೊತೆ ಹೊತ್ತಳು. ಜೋಡಿಸಿದಳು. ಒಳಗಿದ್ದ ಕೆಂಪು ಬಕೆಟ್ ನೋಡಿದಳು. ಒಗೆದ ಗಂಟಿನ ಮೇಲೆ ಈ ನೀರು ಚೆಲ್ಲಿದರೆ ಅದಕ್ಕೂ ಬೈಗುಳ ನಮಗೇ ಎಂದುಕೊಂಡಳು. ಹತ್ತಲು ಒಂದು ಕೈಯಲ್ಲಿ ಬಾಗಿಲು ಹಿಡಿದಳು. ಕಾಲು ಮೇಲೇಳಲಿಲ್ಲ. ಇನ್ನೊಂದು ಕಾಲು ಎತ್ತಿ ನೋಡಿದಳು. ಅದೂ ಏಳಲಿಲ್ಲ. ಕಾಲುಗಳು ಅವಳ ಮಾತು ಕೇಳುವುದನ್ನು ನಿಲ್ಲಿಸಿದ್ದವು.

"ಏನಮ್ಮ, ಕೈ ಹಿಡಿದು ಹತ್ತಿಸ್ಬೇಕಾ?" ಸೂಪರ್‌ವೈಸರ್ ಬೀಗದ ಕೈಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ.

"ಸಾರ್, ಚಿಲಕ ಹಾಕ್ಬೇಡಿ. ಅಷ್ಟೇ ಸಾರ್."

"ಗಂಟು ಬಿದ್ರೆ?"

"ಹಗ್ಗ ಕಟ್ತೀವಿ. ನಾನೇ ಕಟ್ತೀನಿ. ನಾನು ಕಟ್ಟಿದ್ದು ಬಿಚ್ಚಲ್ಲ, ನಿಮಗೇ ಗೊತ್ತಲ್ಲ?"

"ಬುದ್ಧಿ ಹೇಳೋಕೆ ಬಂದ್ಯಾ? ಹತ್ತು!"

"ಗೋಡೆಗೆ ಮೂವತ್ತು ಅಡಿ ಬಿಟ್ಟಿದ್ದೀರಿ ಸಾರ್," ಎಂದಳು. "ಗೋಡೆಗೆ ಏನೂ ಆಗ್ಬಾರ್ದು ಅಂತ. ನಮಗೋಸ್ಕರ ಒಂದು ಚಿಲಕ ಬಿಡೋಕಾಗಲ್ವಾ?"

ಕೈಗೊಂಚಲು ನಿಂತಿತು. "ಯಾರು ಹೇಳಿದ್ದು ನಿನಗೆ?"

ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ.

"ತಗಡು ಹೇಳ್ತು ಸಾರ್. ನಮ್ಮ ಕಾಲಿಗೆ ದಿನಾ ಹೇಳುತ್ತೆ."

ಬಾಯ್ಲರ್‌ನವನು ಹೊರಗೆ ಬಂದು ನಿಂತಿದ್ದ. ಗೇಟಿನವನೂ ಬಂದಿದ್ದ. ನಾಲ್ಕು ಜನ ನೋಡುತ್ತಿದ್ದಾರೆ ಎಂದಾಗ ಸೂಪರ್‌ವೈಸರಿನ ಎದೆ ಒಂದಂಗುಲ ಮುಂದೆ ಬಂತು.

"ಏನೂ ಆಗಲ್ಲ. ಸುಮ್ ಸುಮ್ನೆ ಹೆದರ್ಕೊಂಡು ಸಾಯ್ತೀರಿ. ಏನು, ನಾನೇ ಕೂತು ತೋರಿಸ್ಬೇಕಾ?"

"ತೋರಿಸಿ ಸಾರ್."

ಹೇಳಿದವಳು ಗಂಟಕ್ಕ ಅಲ್ಲ. ಓರಗಿತ್ತಿ. ಹಣೆ ಊದಿಸಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಬಾಯಿ ಬಿಡಬೇಡ ಎಂದು ಬೇಡಿಕೊಂಡವಳೇ ಈಗ ಬಾಯಿ ಬಿಟ್ಟಿದ್ದಳು.

ಆಡಿದ ಮಾತನ್ನು ನುಂಗಲು ಅವನಿಗೆ ಆಗಲಿಲ್ಲ. ಹತ್ತಿದ. ಹತ್ತಿದವನು ಒಗೆದ ಗಂಟಿನ ಮೇಲೆ ಕಾಲು ಚಾಚಿ ಕುಳಿತ. ಅವನು ಕೂತರೆ ಗಂಟಿಗೆ ಮೈಲಿಗೆ ಇಲ್ಲ. "ನೋಡಿ, ಕೂತೆ. ಏನಾಯ್ತು?" ಎಂದ.

"ಚಿಲಕ ಹಾಕ್ಬೇಕಲ್ಲ ಸಾರ್," ಎಂದಳು ದೊಡ್ಡಮ್ಮ ಬಹಳ ವಿನಯದಿಂದ.

ಗಂಟಕ್ಕ ಬಾಗಿಲು ತಳ್ಳಿದಳು. ಅಂಗೈಯಿಂದ ಗುದ್ದಿ ಚಿಲಕ ಕೂರಿಸಿದಳು. ಐದು ವರ್ಷದಲ್ಲಿ ಆ ಚಿಲಕವನ್ನು ಅವಳು ಮುಟ್ಟಿದ್ದು ಅದೇ ಮೊದಲು. ಡ್ರೈವರ್ ಅವರ ಜೊತೆ ಹೊರಗೇ ನಿಂತಿದ್ದ, ಗಾಡಿಯ ಕೀ ಅವನ ಮುಷ್ಟಿಯಲ್ಲಿತ್ತು.

ಆಮೇಲೆ ಒಳಗಿನಿಂದ ನಗುವ ದನಿ: "ಸರಿ, ನೋಡಿದ್ರಲ್ಲ? ತೆಗೀರಿ."

ಗಂಟಕ್ಕ ಚಿಲಕ ಎಳೆದಳು. ಬರಲಿಲ್ಲ.

"ತೆಗೀರಿ ಅಂದ್ನಲ್ಲ!"

ಡ್ರೈವರ್ ಕಲ್ಲು ತರಲು ಮುಂಬಾಗಿಲಿಗೆ ಓಡಿದ. ದಾರದ ಗಂಟು ಈಗಲೇ ಬಿಗಿಯಬೇಕೇ? ಒಳಗೆ ಒಂದು ಗುದ್ದು ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಲೆಕ್ಕವಿಲ್ಲದ ಗುದ್ದು. "ಏ! ತೆಗೀರೇ! ಅಯ್ಯೋ ತೆಗೀರಿ! ಅಮ್ಮಾ!" ಬಕೆಟ್ ಉರುಳಿದ ಸದ್ದು. ಉಗುರಿನಿಂದ ತಗಡು ಕೆರೆಯುವ ಸದ್ದು. ಗಂಟಕ್ಕನಿಗೆ ಸಂತೋಷವಾಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಆ ದನಿ ನಿನ್ನೆ ಅವಳ ಗಂಟಲಿನಿಂದ ಬಂದ ದನಿಯೇ ಆಗಿತ್ತು. "ಬೇಗ ತಾರೋ ಕಲ್ಲು!" ಎಂದು ಅವಳೇ ಕಿರುಚಿದಳು. ಕಲ್ಲು ಬಂತು. ಬಡಿದಳು. ಚಿಲಕ ಸರಿಯಿತು.

ಸೂಪರ್‌ವೈಸರ್ ಕೈಕಾಲೂರಿ ಹೊರಗೆ ಬಿದ್ದ. ಪ್ಯಾಂಟು ತೊಯ್ದಿತ್ತು. ಬಕೆಟ್ ನೀರೇ ಇರಬೇಕು. ಹಾಗೆಂದೇ ಇಟ್ಟುಕೊಳ್ಳೋಣ. ಅವನ ಮುಖ ಬಿಳಿಚಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ.

"ಒಳಗೆ ಗಾಳಿನೇ ಇಲ್ಲ," ಎಂದ.

"ಹೌದಾ ಸಾರ್?" ಎಂದಳು ಓರಗಿತ್ತಿ.

ಅವನು ಎದ್ದ. ಮಂಡಿಯ ಧೂಳು ಕೊಡವಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ಆಸ್ಪತ್ರೆಯಿಂದ ಫೋನು ಬರುವ ಹೊತ್ತಾಗಿತ್ತು. ಒಬ್ಬಳನ್ನು ತೆಗೆದುಹಾಕಬಹುದು. ಐವರನ್ನೂ ತೆಗೆದರೆ ಇವತ್ತಿನ ಹಾಸು ಹೊರುವವರು ಯಾರು? ಅದೆಲ್ಲ ಅವನ ಹಣೆಯ ಮೇಲೆ ಓದುವ ಹಾಗೆ ಕಾಣುತ್ತಿತ್ತು.

"ಆಯ್ತು," ಎಂದ. "ಚಿಲಕ ಬೇಡ. ನೀನು ಹೇಳಿದ ಹಾಗೇ ಹಗ್ಗ ಕಟ್ಕೊಳ್ಳಿ. ಹತ್ತಿ, ಹೊತ್ತಾಯ್ತು."

ಗಂಟಕ್ಕ ಕೇಳಿದ್ದು ಅಷ್ಟೇ ಆಗಿತ್ತು. ಅವಳು ಉಳಿದವರ ಕಡೆ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ದೊಡ್ಡಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಓರಗಿತ್ತಿ ಗಂಟಕ್ಕನ ಸೆರಗು ಹಿಡಿದುಕೊಂಡಿದ್ದಳು. ಎಳೆಯುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಕೆಲಸ ಹೋದರೆ ಎರಡೂ ಅಡುಗೆಮನೆ ತಣ್ಣಗಾಗುತ್ತದೆ. ಆ ಹೆದರಿಕೆ ಅಲ್ಲೇ ಇತ್ತು, ಒಂದು ಕೂದಲೆಳೆಯೂ ಕಡಿಮೆಯಾಗಿರಲಿಲ್ಲ.

"ನಾವು ಹತ್ತಲ್ಲ ಸಾರ್," ಎಂದಳು ಗಂಟಕ್ಕ.

"ಈಗ ತಾನೇ ನೀನೇ ಕೇಳಿದ್ಯಲ್ಲೇ? ಚಿಲಕ ಬಿಟ್ಟರೆ ಸಾಕು ಅಂತ?"

"ಕೇಳಿದ್ದೆ ಸಾರ್. ನೀವು ಒಳಗೆ ಹೋಗಿ ಬರೋಕೆ ಮುಂಚೆ ಕೇಳಿದ್ದೆ." ಅವಳ ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು. ಆದರೂ ಮಾತು ಸ್ಪಷ್ಟವಾಗಿ ಬಂತು. "ನೀವು ಅಷ್ಟು ಕೂಗ್ಕೊಂಡ್ರಲ್ಲ, ಆಗ ಗಾಡಿ ಇಂಜಿನ್ ಇನ್ನೂ ಶುರುನೇ ಆಗಿರ್ಲಿಲ್ಲ ಸಾರ್."